ಎರಡು ಬುಟೀಕ್ ಟ್ಯೂಬ್ ಆಂಪ್‌ಗಳ ಟೋನ್ ಹೋಲಿಸುವುದು ಹೇಗೆ: ಕಿವಿ ಮೋಸಹೋಗದಂತೆ ಒಂದು ಸಮಗ್ರ ಮಾರ್ಗದರ್ಶಿ

ಎರಡು ಗಿಟಾರ್ ಆಂಪ್‌ಗಳನ್ನು (ಆಂಪ್ಲಿಫೈಯರ್‌ಗಳನ್ನು) ಪಕ್ಕಪಕ್ಕ ಇಟ್ಟು, ಒಂದರಲ್ಲಿ ಹತ್ತು ನಿಮಿಷ, ಇನ್ನೊಂದರಲ್ಲಿ ಹತ್ತು ನಿಮಿಷ ನುಡಿಸಿ, "ಇದೇ ಚೆನ್ನಾಗಿದೆ" ಎಂದು ತೀರ್ಪು ಕೊಡುವುದು ಎಲ್ಲರಿಗೂ ಗೊತ್ತಿರುವ ವಿಧಾನ. ಆ ಸ್ಪರ್ಧೆಯಲ್ಲಿ ಗೆಲ್ಲುವುದು ಹೆಚ್ಚಾಗಿ ಆಂಪ್ ಅಲ್ಲ. ಒಂದು ಡೆಸಿಬೆಲ್ ಜೋರಾಗಿದ್ದದ್ದು ಗೆಲ್ಲುತ್ತದೆ, ಹೆಚ್ಚು ದಕ್ಷ ಸ್ಪೀಕರ್ ಇದ್ದದ್ದು ಗೆಲ್ಲುತ್ತದೆ, ಕೆಲವೊಮ್ಮೆ ಚೆಂದದ ಮರದ ಪೆಟ್ಟಿಗೆಯಲ್ಲಿರುವುದೇ ಗೆಲ್ಲುತ್ತದೆ. ನಿರ್ವಾತ ಟ್ಯೂಬ್‌ಗಳಿಂದ ದನಿ ಏರಿಸುವ, ಸಣ್ಣ ತಯಾರಕರು ಕೈಯಲ್ಲೇ ಬೆಸೆದು ಕಟ್ಟುವ ಬುಟೀಕ್ ಆಂಪ್‌ಗಳ ನಡುವಿನ ನಿಜವಾದ ವ್ಯತ್ಯಾಸ ಇವೆಲ್ಲಕ್ಕಿಂತ ಸೂಕ್ಷ್ಮ. ಜೋರು, ಸ್ಪೀಕರ್, ನಾಬ್ ಈ ಮೂರನ್ನೂ ಸಮ ಮಾಡಿದ ಮೇಲೂ ಉಳಿಯುವುದು ಯಾವುದೋ ಅದೇ ಆ ಆಂಪ್‌ನ ಸ್ವಂತ ದನಿ. ಮುಂದಿನ ಹಂತಗಳೆಲ್ಲ ಆ ಉಳಿಕೆಯನ್ನು ಹಿಡಿಯುವುದಕ್ಕೆ.

ಮೊದಲು ವಂಶ ನೋಡಿ

ಜಾಕ್ ಹಾಕುವ ಮೊದಲು ಎರಡೂ ಆಂಪ್‌ಗಳ ಸರ್ಕ್ಯೂಟ್ ಯಾವ ಮನೆತನದ್ದು ಎಂದು ತಿಳಿದುಕೊಳ್ಳಿ. ಬುಟೀಕ್ ಆಂಪ್‌ಗಳಲ್ಲಿ ಬಹುಪಾಲು ಫೆಂಡರ್, ಮಾರ್ಷಲ್, ವಾಕ್ಸ್ ಎಂಬ ಮೂರು ಹಳೆಯ ಕಂಪನಿಗಳ ಬೇರುಗಳಿಂದ ಬಂದವು. ಅದರಲ್ಲೂ ಮಾರ್ಷಲ್‌ನ 1960ರ ದಶಕದ ಆರಂಭದ ಜೆಟಿಎಂ45 ಹುಟ್ಟಿದ್ದೇ ಫೆಂಡರ್ ಬಾಸ್‌ಮನ್ 5ಎಫ್6-ಎ ನಕ್ಷೆಯಿಂದ. ಮ್ಯಾಚ್‌ಲೆಸ್ ಡಿಸಿ-30 ನಾಲ್ಕು ಇಎಲ್84 ಟ್ಯೂಬ್‌ಗಳ ವಾಕ್ಸ್ ದಾರಿ ಹಿಡಿದದ್ದು. ಅದರ ಒಂದು ಚಾನೆಲ್‌ನಲ್ಲಿ ಇಎಫ್86 ಪೆಂಟೋಡ್ ಇದೆ. ಡಂಬಲ್ ಓವರ್‌ಡ್ರೈವ್ ಸ್ಪೆಷಲ್‌ನ ಕ್ಲೀನ್ ಭಾಗದ ಬೇರು ಫೆಂಡರ್‌ನಲ್ಲಿದೆ, ಅದರ ಹಿಂದೆ ಓವರ್‌ಡ್ರೈವ್ ಹಂತಗಳು ಸೇರಿಕೊಂಡಿವೆ. ಟ್ರೇನ್‌ರೆಕ್ ಎಕ್ಸ್‌ಪ್ರೆಸ್‌ಗೆ ಮಾಸ್ಟರ್ ವಾಲ್ಯೂಮ್ (ದನಿಯ ಒಡಕು, ಅಂದರೆ ಡಿಸ್ಟಾರ್ಷನ್ ಉಳಿಸಿಕೊಂಡೇ ಒಟ್ಟು ಜೋರನ್ನು ಇಳಿಸುವ ನಾಬ್) ಇಲ್ಲವೇ ಇಲ್ಲ. ಇಎಲ್34 ಟ್ಯೂಬ್‌ಗಳನ್ನು ತುಂಬು ದನಿಯಲ್ಲಿ ದುಡಿಸಿ, ಗಿಟಾರ್‌ನ ವಾಲ್ಯೂಮ್ ನಾಬ್‌ನಿಂದಲೇ ಅದನ್ನು ಪಳಗಿಸಬೇಕು.

ಇದು ತಿಳಿದಿದ್ದರೆ ಏನನ್ನು ನಿರೀಕ್ಷಿಸಬೇಕು, ಯಾವ ಪರೀಕ್ಷೆ ಅರ್ಥಹೀನ ಎರಡೂ ಗೊತ್ತಾಗುತ್ತದೆ. ಮಾಸ್ಟರ್ ಇಲ್ಲದ ಆಂಪನ್ನು ಮಲಗುವ ಕೋಣೆಯ ಜೋರಿನಲ್ಲಿ, ಮಾಸ್ಟರ್ ಇರುವ ಹೈಗೇನ್ ಆಂಪಿನ ಎದುರು ನಿಲ್ಲಿಸಿದರೆ ಪಂದ್ಯ ಶುರುವಾಗುವ ಮೊದಲೇ ಮುಗಿದಿರುತ್ತದೆ.

ಈ ಐದು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ: ಪವರ್ ಟ್ಯೂಬ್ (ಸ್ಪೀಕರನ್ನು ಓಡಿಸುವ ಕೊನೆಯ ಹಂತದ ಟ್ಯೂಬ್) ಯಾವುದು ಮತ್ತು ಎಷ್ಟು, ಬಯಸ್ (ಟ್ಯೂಬ್ ಸುಮ್ಮನಿದ್ದಾಗ ಹರಿಯುವ ಕರೆಂಟಿನ ಹೊಂದಿಕೆ) ಕ್ಯಾಥೋಡ್ ಬಯಸ್ಸೋ ಫಿಕ್ಸೆಡ್ ಬಯಸ್ಸೋ, ನೆಗೆಟಿವ್ ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದಂಶವನ್ನು ಹಿಂದಕ್ಕೆ ಕೊಟ್ಟು ದನಿಯನ್ನು ಬಿಗಿಯಾಗಿಡುವುದು) ಇದೆಯೋ ಇಲ್ಲವೋ, ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಟ್ಯೂಬೋ ಡಯೋಡೋ, ಟೋನ್ ನಾಬ್‌ಗಳು ಯಾವ ಮಾದರಿಯವು. ಜಾಹೀರಾತಿನಲ್ಲಿ ಕಾಣುವ "ಕ್ಲಾಸ್ ಎ" ಎಂಬ ಮಾತನ್ನು ಪಕ್ಕಕ್ಕಿಡಿ. ಹಾಗೆ ಮಾರಾಟವಾಗುವ ಎಷ್ಟೋ ಆಂಪ್‌ಗಳು ನಿಜದಲ್ಲಿ ಕ್ಯಾಥೋಡ್ ಬಯಸ್ ಇರುವ ಕ್ಲಾಸ್ ಎಬಿ. ಟೋನ್ ಅಳೆಯುವವರಿಗೆ ಆ ಹಣೆಪಟ್ಟಿಯಿಂದ ಉಪಯೋಗವಿಲ್ಲ.

ಬೇಕಾದ ಸಾಮಾನು

ಶ್ರುತಿ ಗಟ್ಟಿಯಾಗಿ ನಿಲ್ಲುವ ಒಂದು ಗಿಟಾರ್, ಒಂದೆರಡು ದಿನ ನುಡಿಸಿ ಪಳಗಿದ ತಂತಿಗಳು. ತೀರಾ ಹೊಸ ತಂತಿಯ ಹೊಳಪು ಪರೀಕ್ಷೆಯ ನಡುವೆಯೇ ಇಳಿಯುತ್ತದೆ. ಒಂದು ಕ್ಯಾಬ್ (ಸ್ಪೀಕರ್ ಪೆಟ್ಟಿಗೆ), ಒಂದು ಸ್ಪೀಕರ್ ಕೇಬಲ್, ಒಂದೇ ಗಿಟಾರ್ ಕೇಬಲ್. ಎಸ್‌ಎಂ57ನಂಥ ಒಂದು ಮೈಕ್, ಸ್ಟ್ಯಾಂಡ್, ಆಡಿಯೋ ಇಂಟರ್‌ಫೇಸ್. ಗಿಟಾರ್ ಸಿಗ್ನಲ್ಲನ್ನು ನೇರವಾಗಿ ರೆಕಾರ್ಡ್ ಮಾಡಲು ಡಿಐ ಬಾಕ್ಸ್, ರೆಕಾರ್ಡ್ ಆದದ್ದನ್ನು ಗಿಟಾರ್‌ನ ಮಟ್ಟಕ್ಕೆ ಇಳಿಸಿ ಆಂಪ್‌ಗೆ ಕಳಿಸಲು ರೀಆಂಪ್ ಬಾಕ್ಸ್. ದನಿ ಅಳೆಯುವ ಮೀಟರ್, ಅಥವಾ ಫೋನಿನ ಆ್ಯಪ್. ಫೋನ್ ತೋರಿಸುವ ಅಂಕಿ ನಿಖರವಾಗಿರಬೇಕಿಲ್ಲ. ಎರಡೂ ಆಂಪ್‌ಗಳಿಗೆ ಒಂದೇ ಜಾಗದಲ್ಲಿ ಒಂದೇ ಫೋನ್ ಇಟ್ಟರೆ ವ್ಯತ್ಯಾಸ ಸರಿಯಾಗಿಯೇ ಸಿಗುತ್ತದೆ. ನೆಲದ ಮೇಲೆ ಗುರುತು ಹಾಕಲು ಟೇಪ್. ಇವುಗಳ ಜತೆ ನಾಬ್ ತಿರುಗಿಸಲು, ಕೇಬಲ್ ಬದಲಿಸಲು, ಬಾಯಿ ಮುಚ್ಚಿಕೊಂಡಿರಲು ಒಪ್ಪುವ ಒಬ್ಬ ಗೆಳೆಯ.

ಆಂಪ್‌ಗಳು ಆರೋಗ್ಯವಾಗಿವೆಯೇ?

ದಣಿದ ಪವರ್ ಟ್ಯೂಬ್‌ಗಳಿರುವ ಒಳ್ಳೆಯ ಆಂಪ್, ಹೊಸ ಟ್ಯೂಬ್‌ಗಳಿರುವ ಸಾಧಾರಣ ಆಂಪಿನ ಎದುರು ಸೋಲುತ್ತದೆ. ಹಾಗಾಗಿ ಎರಡನ್ನೂ ಕನಿಷ್ಠ 20 ನಿಮಿಷ ಚಾಲೂ ಇಟ್ಟು ಬಿಸಿಯಾಗಲು ಬಿಡಿ. ಆಮೇಲೆ ವಾಲ್ಯೂಮ್ ಏರಿಸಿ, ತಂತಿ ಮುಟ್ಟದೆ ಕೇಳಿ. ಹಮ್ ಎಷ್ಟು, ಚಿಟಪಟ ಇದೆಯೇ? ಪೆನ್ಸಿಲ್ ಹಿಂಬದಿಯ ರಬ್ಬರ್‌ನಿಂದ ಪ್ರೀಆಂಪ್ ಟ್ಯೂಬ್‌ಗಳನ್ನು (ಮೊದಲ ಹಂತಗಳ ಸಣ್ಣ ಟ್ಯೂಬ್‌ಗಳನ್ನು) ಮೆಲ್ಲಗೆ ತಟ್ಟಿ. ಠಣ್ ಎಂದು ಗಂಟೆ ಬಾರಿಸಿದ ಹಾಗೆ ಸ್ಪೀಕರಿನಲ್ಲಿ ಕೇಳಿದರೆ ಆ ಟ್ಯೂಬ್ ಮೈಕ್ರೋಫೋನಿಕ್ ಆಗಿದೆ (ಅಲುಗಾಟವನ್ನೇ ಮೈಕಿನಂತೆ ಹಿಡಿಯುತ್ತಿದೆ), ಬದಲಿಸಿ. ಸ್ವಲ್ಪ 'ಟಪ್' ಎಂಬ ಸದ್ದು ಸಹಜ, ಅದರಲ್ಲೂ ಮೊದಲ ಟ್ಯೂಬಿನಲ್ಲಿ.

ಫಿಕ್ಸೆಡ್ ಬಯಸ್ ಆಂಪಿನ ಬಯಸ್ ಸರಿಯಾಗಿದೆಯೇ ಎಂದು ತಂತ್ರಜ್ಞರಿಂದ ನೋಡಿಸಿ. ತಣ್ಣಗೆ ಬಯಸ್ ಆಗಿದ್ದರೆ ಸಣ್ಣ ದನಿಯಲ್ಲಿ ಸ್ವರ ಒಣಗಿದಂತೆ, ಗರಗರ ಎನ್ನುವಂತೆ ಕೇಳುತ್ತದೆ. ಜನ ಅದನ್ನೇ ಆ ಆಂಪಿನ ಗುಣ ಎಂದುಕೊಂಡುಬಿಡುತ್ತಾರೆ. ಷಾಸಿಯನ್ನು ನೀವೇ ಬಿಚ್ಚಲು ಹೋಗಬೇಡಿ. ಒಳಗೆ 400 ವೋಲ್ಟ್‌ಗೂ ಮೀರಿದ ಡಿಸಿ ಇರಬಹುದು, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಕೂತಿರುತ್ತದೆ.

ಎರಡನ್ನೂ ಒಂದೇ ಪವರ್ ಸ್ಟ್ರಿಪ್‌ಗೆ ಹಾಕಿ, ಒಂದೇ ದಿನ ಪರೀಕ್ಷಿಸಿ. ಗೋಡೆಯ ವೋಲ್ಟೇಜ್ 5% ಇಳಿದರೆ ಆಂಪಿನ ಒಳಗಿನ ವೋಲ್ಟೇಜ್‌ಗಳೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತವೆ; ದನಿ ಬೇಗ ಒಡೆಯುತ್ತದೆ, ಮೆದುವಾಗುತ್ತದೆ. ನಿನ್ನೆ ಕೇಳಿದ ಒಂದನ್ನು ಇವತ್ತು ಕೇಳಿದ ಇನ್ನೊಂದರ ಜತೆ ಹೋಲಿಸಬೇಡಿ.

ಸ್ಪೀಕರ್: ಟೋನ್‌ನ ಅರ್ಧ ಇಲ್ಲೇ ಇದೆ

ಎರಡು ಕಾಂಬೊಗಳನ್ನು (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವಂಥವನ್ನು) ಅವುಗಳ ಸ್ವಂತ ಸ್ಪೀಕರ್‌ನಲ್ಲಿ ಹೋಲಿಸಿದರೆ ನೀವು ಹೋಲಿಸಿದ್ದು ಮುಖ್ಯವಾಗಿ ಸ್ಪೀಕರ್‌ಗಳನ್ನು. ಸೆಲೆಸ್ಟಿಯನ್‌ನ 25 ವಾಟ್ ಗ್ರೀನ್‌ಬ್ಯಾಕ್‌ನ ಸಂವೇದನೆ 98 ಡೆಸಿಬೆಲ್, ವಿಂಟೇಜ್ 30ರದ್ದು 100. ಜೋರನ್ನು 3 ಡೆಸಿಬೆಲ್ ಏರಿಸಲು ಆಂಪ್‌ನ ವಾಟ್ ಎರಡರಷ್ಟಾಗಬೇಕು. ಅಂದರೆ ಸ್ಪೀಕರ್ ಬದಲಿಸಿದ್ದರಿಂದಲೇ ಸಿಗುವ ಆ 2 ಡೆಸಿಬೆಲ್, 15 ವಾಟ್ ಆಂಪ್ 24 ವಾಟ್ ಆದಷ್ಟಕ್ಕೆ ಸಮ. ಸ್ವರದ ಬಣ್ಣದಲ್ಲಿ ಆಗುವ ಬದಲಾವಣೆ ಬೇರೆ.

ಆದ್ದರಿಂದ ಎರಡೂ ಆಂಪ್ ಒಂದೇ ಕ್ಯಾಬನ್ನು ಓಡಿಸಲಿ. ಕಾಂಬೊ ಆದರೆ ಒಳಗಿನ ಸ್ಪೀಕರಿನ ಪ್ಲಗ್ ತೆಗೆದು, ಅದೇ ಔಟ್‌ಪುಟ್ ಜಾಕ್‌ನಿಂದ ಹೊರಗಿನ ಕ್ಯಾಬ್‌ಗೆ ಕೇಬಲ್ ಎಳೆಯಿರಿ. ಇಲ್ಲಿ ಮೂರು ವಿಷಯಗಳಲ್ಲಿ ರಿಯಾಯಿತಿ ಇಲ್ಲ. ಕ್ಯಾಬ್ 8 ಓಮ್ ಆದರೆ ಆಂಪ್‌ನ ಸೆಲೆಕ್ಟರೂ 8 ಓಮ್‌ನಲ್ಲೇ ಇರಬೇಕು. ಸ್ಪೀಕರ್‌ಗೆ ಸ್ಪೀಕರ್ ಕೇಬಲ್ಲೇ ಬೇಕು. ಗಿಟಾರ್ ಕೇಬಲ್‌ನ ತೆಳು ತಂತಿ ಬಿಸಿಯಾಗುತ್ತದೆ, ಕೊನೆಗೆ ಕೈಕೊಡುತ್ತದೆ. ಮತ್ತು ಸ್ಪೀಕರ್ ಇಲ್ಲದೆ ಟ್ಯೂಬ್ ಆಂಪ್ ಓಡಿಸಬಾರದು. ಲೋಡ್ ಇಲ್ಲದಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಏಳುವ ವೋಲ್ಟೇಜ್ ಅದರ ಇನ್ಸುಲೇಶನ್ನನ್ನೇ ಸುಟ್ಟುಹಾಕಬಹುದು. ಎರಡು ಆಂಪ್‌ಗಳನ್ನು ಒಂದು ಕ್ಯಾಬ್‌ಗೆ ತಿರುಗಿಸುವ ಸ್ವಿಚ್ಚರ್ ಬಳಸುವುದಾದರೆ, ಸುಮ್ಮನಿರುವ ಆಂಪ್‌ಗೆ ಅದು ಡಮ್ಮಿ ಲೋಡ್ (ಸ್ಪೀಕರಿನ ಬದಲು ಆಂಪಿನ ಶಕ್ತಿ ಹೀರುವ ಭಾಗ) ಕೊಡುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಎರಡು ಆಂಪ್‌ಗಳ ಔಟ್‌ಪುಟ್‌ಗಳನ್ನು ವೈ ಕೇಬಲ್‌ನಿಂದ ಒಂದೇ ಕ್ಯಾಬ್‌ಗೆ ಸೇರಿಸುವ ಯೋಚನೆಯನ್ನಂತೂ ಬಿಟ್ಟುಬಿಡಿ.

ಸ್ವಿಚ್ಚರ್ ಇಲ್ಲವೇ? ಮೊದಲ ಆಂಪನ್ನು ಸ್ಟ್ಯಾಂಡ್‌ಬೈಗೆ ಹಾಕಿ, ಕ್ಯಾಬ್ ಕೇಬಲ್ ಕಿತ್ತು ಎರಡನೆಯದಕ್ಕೆ ಹಾಕಿ, ಆಮೇಲೆ ಅದನ್ನು ಸ್ಟ್ಯಾಂಡ್‌ಬೈಯಿಂದ ತೆಗೆಯಿರಿ. ಸ್ಟ್ಯಾಂಡ್‌ಬೈ ಸ್ವಿಚ್ ಇಲ್ಲದ ಆಂಪ್ ಆದರೆ ಪೂರ್ತಿ ಆಫ್ ಮಾಡಿ.

ಇನ್ನು ಕಡಿಮೆ ಜನಕ್ಕೆ ಗೊತ್ತಿರುವ ಸಂಗತಿ. 8 ಓಮ್ ಎಂದು ಬರೆದ ಸ್ಪೀಕರ್ ಎಲ್ಲ ಸ್ವರಕ್ಕೂ 8 ಓಮ್ ಅಲ್ಲ. ಅದರ ಅನುರಣನ ಬಿಂದುವಿನಲ್ಲಿ, ಅಂದರೆ ಹೆಚ್ಚಿನ 12 ಇಂಚಿನ ಗಿಟಾರ್ ಸ್ಪೀಕರ್‌ಗಳಲ್ಲಿ 75ರಿಂದ 110 ಹರ್ಟ್ಸ್ ಆಸುಪಾಸಿನಲ್ಲಿ, ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಹಲವು ಪಟ್ಟು ಏರುತ್ತದೆ. ನಡುವೆ ಇಳಿದು, ಮೇಲಿನ ಸ್ವರಗಳಲ್ಲಿ ಮತ್ತೆ ಮೆಲ್ಲಗೆ ಏರುತ್ತದೆ. ನೆಗೆಟಿವ್ ಫೀಡ್‌ಬ್ಯಾಕ್ ಇರುವ ಆಂಪ್ ಈ ಏರಿಳಿತಕ್ಕೆ ಅಷ್ಟಾಗಿ ಮಣಿಯುವುದಿಲ್ಲ. ಫೀಡ್‌ಬ್ಯಾಕ್ ಇಲ್ಲದ ವಾಕ್ಸ್ ಮಾದರಿಯ ಆಂಪ್ ಪೂರ್ತಿ ಮಣಿಯುತ್ತದೆ: ಕೆಳಗೆ ಗುಂಯ್ ಎಂದು ತುಂಬುತ್ತದೆ, ಮೇಲೆ ಮಿಂಚುತ್ತದೆ. ಅದಕ್ಕೇ ಒಂದೇ ಕ್ಯಾಬ್ ಎರಡು ಆಂಪ್‌ಗಳ ಕೆಳಗೆ ಎರಡು ಬೇರೆ ಕ್ಯಾಬ್‌ಗಳಂತೆ ನಡೆದುಕೊಳ್ಳುತ್ತದೆ. ಇದು ದೋಷವಲ್ಲ, ನೀವು ಕೇಳಬೇಕಿರುವ ನಿಜವಾದ ವ್ಯತ್ಯಾಸವೇ ಇದು. ಬರೀ ರೆಸಿಸ್ಟರ್‌ನ ಡಮ್ಮಿ ಲೋಡಿಗೆ ಹಾಕಿ, ಐಆರ್ (ಕ್ಯಾಬ್ ಮತ್ತು ಮೈಕಿನ ದನಿಯನ್ನು ಅನುಕರಿಸುವ ಫೈಲ್) ಹಚ್ಚಿ ಹೋಲಿಸಿದರೆ ಈ ಗುಣವೆಲ್ಲ ಅಳಿಸಿಹೋಗಿ ಎರಡೂ ಆಂಪ್ ಅಣ್ಣತಮ್ಮಂದಿರಂತೆ ಕೇಳುತ್ತವೆ. ಸದ್ದು ಮಾಡುವ ಹಾಗಿಲ್ಲದಿದ್ದರೆ ಸ್ಪೀಕರಿನ ಇಂಪೀಡೆನ್ಸ್ ವಕ್ರವನ್ನು ಅನುಕರಿಸುವ ರಿಯಾಕ್ಟಿವ್ ಲೋಡ್ ಬಳಸಿ.

ಕ್ಯಾಬನ್ನು ಒಮ್ಮೆ ಇಟ್ಟ ಮೇಲೆ ಅಲುಗಿಸಬೇಡಿ, ಅದರ ಕಾಲಿನ ಸುತ್ತ ಟೇಪ್ ಹಚ್ಚಿ. ಮೈಕನ್ನು ಗ್ರಿಲ್‌ನಿಂದ 2–3 ಸೆಂಟಿಮೀಟರ್ ದೂರದಲ್ಲಿ, ನಡುವಿನ ಡಸ್ಟ್ ಕ್ಯಾಪ್‌ನ ಅಂಚಿಗೆ ನೇರವಾಗಿ ನಿಲ್ಲಿಸಿ. ಆ ಜಾಗದಿಂದ ಒಂದು ಸೆಂಟಿಮೀಟರ್ ಒಳಗೆ ಸರಿದರೆ ದನಿ ಮೊನಚು, ಹೊರಗೆ ಸರಿದರೆ ಮಬ್ಬು. ಆಂಪ್ ಬದಲಿಸಿದಾಗ ಆಗುವ ವ್ಯತ್ಯಾಸಕ್ಕಿಂತ ಇದು ದೊಡ್ಡದಿರಬಹುದು. ನಿಮ್ಮ ಕಿವಿಗೂ ಇದೇ ನಿಯಮ: 12 ಇಂಚಿನ ಸ್ಪೀಕರ್ ಮೇಲಿನ ಸ್ವರಗಳನ್ನು ಟಾರ್ಚ್ ಬೆಳಕಿನಂತೆ ನೇರಕ್ಕೆ ಚೆಲ್ಲುತ್ತದೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿದರೂ ಬೇರೆ ಟೋನ್. ಕೂರುವ ಕುರ್ಚಿಯ ಜಾಗಕ್ಕೂ ಟೇಪ್ ಹಚ್ಚಿ.

ಗಿಟಾರ್‌ನಿಂದ ಆಂಪ್‌ವರೆಗೆ

ಗಿಟಾರ್ ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. 4 ಹೆನ್ರಿಯ ಹಂಬಕರ್ ಪಿಕಪ್ಪಿಗೆ (ತಂತಿಯ ಕಂಪನ ಹಿಡಿಯುವ ಎರಡು ಸುರುಳಿಯ ಭಾಗಕ್ಕೆ) 500 ಪಿಕೋಫ್ಯಾರಡ್ ಸೇರಿದರೆ ಅದರ ಅನುರಣನ 3,560 ಹರ್ಟ್ಸ್ ಆಸುಪಾಸು. 1,000 ಸೇರಿದರೆ 2,500ಕ್ಕೆ ಇಳಿಯುತ್ತದೆ. ಒಂದು ಆಂಪ್‌ಗೆ 3 ಮೀಟರ್, ಇನ್ನೊಂದಕ್ಕೆ 6 ಮೀಟರ್ ಕೇಬಲ್ ಹಾಕಿದವರು ಕೇಬಲ್‌ಗಳನ್ನು ಹೋಲಿಸಿದಂತಾಯಿತು.

ಎರಡೂ ಆಂಪ್‌ಗಳಿಗೆ ಒಟ್ಟಿಗೆ ಸಿಗ್ನಲ್ ಕಳಿಸಲು ಬಫರ್ (ಸಿಗ್ನಲ್ ಕುಗ್ಗದಂತೆ ಕಾಯುವ ಸರ್ಕ್ಯೂಟ್) ಇರುವ ಎಬಿವೈ ಪೆಡಲ್, ಅಂದರೆ ಒಂದು ಆಂಪ್‌ಗೋ ಎರಡಕ್ಕೂ ಸೇರಿಯೋ ಸಿಗ್ನಲ್ ಹಂಚುವ ಪೆಡಲ್, ಬಳಸಿ, ಅದರ ಒಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುವಂಥದ್ದಾಗಿರಲಿ. ಬಫರ್ ಇಲ್ಲದೆ ಹಂಚಿದರೆ 1 ಮೆಗಾಓಮ್‌ನ ಎರಡು ಇನ್‌ಪುಟ್‌ಗಳು ಸೇರಿ ಪಿಕಪ್ಪಿಗೆ 500 ಕಿಲೋಓಮ್ ಆಗಿ ಕಾಣುತ್ತವೆ, ಹೊಳಪು ಕುಗ್ಗುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದಿದ್ದರೆ ಗ್ರೌಂಡ್ ಲೂಪ್‌ನ ಹಮ್ ಶುರುವಾಗುತ್ತದೆ. ಹಮ್ ನಿಲ್ಲಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ ಮುಚ್ಚುವುದು, ಮುರಿಯುವುದು ಪ್ರಾಣಕ್ಕೆ ಕುತ್ತು.

ಇದಕ್ಕಿಂತ ಉತ್ತಮ ದಾರಿ ರೀಆಂಪಿಂಗ್. ಒಂದೇ ನುಡಿಸಾಣಿಕೆಯನ್ನು ಎರಡು ಸಲ ಒಂದೇ ರೀತಿ ಯಾವ ಕೈಯೂ ನುಡಿಸಲಾರದು. ಗಿಟಾರನ್ನು 1 ಮೆಗಾಓಮ್ ಇನ್‌ಪುಟ್‌ನ ಡಿಐ ಮೂಲಕ 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಶಿಖರಗಳು −12 ಡೆಸಿಬೆಲ್ ಹತ್ತಿರ ಇದ್ದರೆ ಸಾಕು. ಆ ಟ್ರ್ಯಾಕನ್ನು ರೀಆಂಪ್ ಬಾಕ್ಸ್ ಮೂಲಕ ಆಂಪ್‌ಗೆ ಕಳಿಸಿ. ಇಂಟರ್‌ಫೇಸ್‌ನ ಲೈನ್ ಔಟನ್ನು ನೇರ ಚುಚ್ಚಿದರೆ ಮಟ್ಟ ವಿಪರೀತ ಹೆಚ್ಚು, ಹಮ್ಮೂ ಬರುತ್ತದೆ. ರೀಆಂಪ್ ಬಾಕ್ಸ್‌ನ ನಾಬನ್ನು ಹೀಗೆ ಹೊಂದಿಸಿ: ಆಂಪನ್ನು ದನಿ ಒಡೆಯುವ ಅಂಚಿಗೆ ತಂದು ಗಿಟಾರನ್ನು ನೇರವಾಗಿ ಹಾಕಿ ನುಡಿಸಿ, ಆಮೇಲೆ ಅದೇ ತುಣುಕನ್ನು ರೀಆಂಪ್‌ನಲ್ಲಿ ಕಳಿಸಿ, ಒಡಕು ಅಷ್ಟೇ ಆಗುವವರೆಗೆ ತಿರುಗಿಸಿ. ಒಮ್ಮೆ ಸಿಕ್ಕಿದ ಮೇಲೆ ಆ ನಾಬ್ ಮುಟ್ಟಬೇಡಿ.

ಇನ್‌ಪುಟ್ ಜಾಕ್‌ಗಳ ಕಡೆಯೂ ಗಮನ ಇರಲಿ. ಫೆಂಡರ್ ಮಾದರಿಯಲ್ಲಿ ಎರಡನೇ ಇನ್‌ಪುಟ್ ಸುಮಾರು 6 ಡೆಸಿಬೆಲ್ ಕಡಿಮೆ ಕೊಡುತ್ತದೆ.

ನಾಬ್‌ಗಳು: "ಎಲ್ಲ ಐದಕ್ಕೆ ಇಟ್ಟೆ" ಎಂಬ ಭ್ರಮೆ

ಎರಡೂ ಆಂಪ್‌ಗಳ ನಾಬ್‌ಗಳನ್ನು ಐದಕ್ಕೆ ಇಟ್ಟರೆ ನ್ಯಾಯವಾಯಿತು ಎಂದು ತೋರುತ್ತದೆ. ಆದರೆ ನಾಬ್‌ನ ಹಿಂದಿರುವ ಪೊಟೆನ್ಶಿಯೋಮೀಟರ್‌ಗಳಲ್ಲಿ 20% ಹೆಚ್ಚುಕಡಿಮೆ ಸಾಮಾನ್ಯ. ಒಂದು ಲೀನಿಯರ್ (ತಿರುಗಿಸಿದಷ್ಟೇ ಸಮನಾಗಿ ಬದಲಾಗುವಂಥದ್ದು) ಇರುತ್ತದೆ, ಇನ್ನೊಂದು ಆಡಿಯೋ ಟೇಪರ್ (ಮೊದಲು ನಿಧಾನ, ಆಮೇಲೆ ವೇಗವಾಗಿ ಬದಲಾಗುವಂಥದ್ದು). ಫೆಂಡರ್ ಮಾದರಿಯ ಟೋನ್ ಸ್ಟ್ಯಾಕ್‌ನಲ್ಲಿ (ಬೇಸ್, ಮಿಡ್, ಟ್ರೆಬಲ್ ನಾಬ್‌ಗಳ ಸರ್ಕ್ಯೂಟಿನಲ್ಲಿ) ಎಲ್ಲ ಐದಕ್ಕಿಟ್ಟರೆ 400–500 ಹರ್ಟ್ಸ್ ಸುತ್ತ ದೊಡ್ಡ ಹಳ್ಳ ಬೀಳುತ್ತದೆ. ಸಪಾಟಾಗಬೇಕಾದರೆ ಬೇಸ್ ಮತ್ತು ಟ್ರೆಬಲ್ ಹೆಚ್ಚುಕಡಿಮೆ ಸೊನ್ನೆಗೆ, ಮಿಡ್ 10ಕ್ಕೆ ಹೋಗಬೇಕು. ಮಾರ್ಷಲ್ ಮಾದರಿಯಲ್ಲಿ ಹಳ್ಳ ಸ್ವಲ್ಪ ಮೇಲೆ, ಆಳವೂ ಕಡಿಮೆ. ವಾಕ್ಸ್ ಮಾದರಿಯ ಕಟ್ ನಾಬ್ ಉಲ್ಟಾ: ಏರಿಸಿದಷ್ಟೂ ಮೊನಚು ಇಳಿಯುತ್ತದೆ. ಜತೆಗೆ ಈ ಸ್ಟ್ಯಾಕ್‌ಗಳಲ್ಲಿ ಒಂದು ನಾಬ್ ತಿರುಗಿಸಿದರೆ ಉಳಿದವುಗಳ ಕೆಲಸವೂ ಬದಲಾಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ. ಅಂಕಿ ಮರೆತು ಕಿವಿಯಿಂದ ಹೊಂದಿಸಿ, ಹೀಗೆ:

1. ಗಿಟಾರ್ ವಾಲ್ಯೂಮ್ 10ಕ್ಕೆ ಇಟ್ಟು, ಓಪನ್ ಇ ಕಾರ್ಡನ್ನು ಮಧ್ಯಮ ಬಲದಲ್ಲಿ ಹೊಡೆಯಿರಿ. ದನಿಯಲ್ಲಿ ಒಡಕು ಆಗತಾನೇ ಕಾಣಿಸುವ ಜಾಗಕ್ಕೆ ಮೊದಲ ಆಂಪ್‌ನ ಗೇನ್ ತನ್ನಿ. ಎರಡನೆಯದರಲ್ಲೂ ಅದೇ ಬಿಂದು ಹುಡುಕಿ. ನಿಮ್ಮ ಹೋಲಿಕೆಯ ತಳಪಾಯ ಇದು.

2. ಬ್ರೈಟ್ ಸ್ವಿಚ್ ಇದ್ದರೆ ಎರಡರಲ್ಲೂ ಆಫ್. ವಾಲ್ಯೂಮ್ ನಾಬ್‌ಗೆ ಸೇತುವೆಯಾಗಿ ಕೂತ ಬ್ರೈಟ್ ಕೆಪಾಸಿಟರ್ ಕಡಿಮೆ ವಾಲ್ಯೂಮ್‌ನಲ್ಲಿ ಜಾಸ್ತಿ ಕೆಲಸ ಮಾಡುತ್ತದೆ, 10ಕ್ಕೆ ಏರಿಸಿದಾಗ ಅದರ ಪ್ರಭಾವ ಸೊನ್ನೆ. ಸ್ವಿಚ್ ಇಲ್ಲದೆ ಕೆಪಾಸಿಟರ್ ಖಾಯಂ ಇರುವ ಆಂಪ್‌ಗಳೂ ಇವೆ. ಅಂಥವು ಸಣ್ಣ ದನಿಯಲ್ಲಿ ಚುಚ್ಚುತ್ತವೆ, ಏರಿಸಿದಾಗ ಹದಕ್ಕೆ ಬರುತ್ತವೆ.

3. ರಿವರ್ಬ್, ಟ್ರೆಮೊಲೊ, ಎಫೆಕ್ಟ್ಸ್ ಲೂಪ್ ಎಲ್ಲ ಬಂದ್.

4. ಮೊದಲ ಆಂಪನ್ನು ನಿಮಗೆ ಇಷ್ಟವಾಗುವ ಹಾಗೆ ಇಡಿ. ಎರಡನೆಯದರ ಟೋನ್ ನಾಬ್‌ಗಳಿಂದ ಅದನ್ನು ಮೊದಲನೆಯದಕ್ಕೆ ಸಾಧ್ಯವಾದಷ್ಟು ಹತ್ತಿರ ತನ್ನಿ. ಮೊದಲು ಮಿಡ್, ಆಮೇಲೆ ಬೇಸ್, ಕೊನೆಗೆ ಟ್ರೆಬಲ್, ಪ್ರೆಸೆನ್ಸ್.

5. ಎರಡೂ ಪ್ಯಾನೆಲ್‌ಗಳ ಫೋಟೋ ತೆಗೆಯಿರಿ.

ನಾಲ್ಕನೆಯ ಹಂತ ಹಲವರಿಗೆ ವಿಚಿತ್ರ ಎನಿಸುತ್ತದೆ: ವ್ಯತ್ಯಾಸ ಹುಡುಕಲು ಹೊರಟವರು ವ್ಯತ್ಯಾಸ ಅಳಿಸುವುದೇಕೆ? ನಾಬ್‌ನಿಂದ ಅಳಿಸಬಹುದಾದ ವ್ಯತ್ಯಾಸಕ್ಕೆ ಎರಡನೇ ಆಂಪ್ ಕೊಳ್ಳುವ ಅಗತ್ಯವಿಲ್ಲ, ಅದಕ್ಕೆ.

ಜೋರು ಸಮ ಮಾಡುವುದು

ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿದಂತೆ ದನಿ ಸಣ್ಣದಾದಾಗ ಕಿವಿ ಬೇಸನ್ನು ಹೆಚ್ಚು ಕಳೆದುಕೊಳ್ಳುತ್ತದೆ. ತಿರುಗಿಸಿ ಹೇಳಿದರೆ, ಸ್ವಲ್ಪ ಜೋರಾಗಿರುವುದು ಹೆಚ್ಚು ತುಂಬಿದಂತೆ, ಹೆಚ್ಚು ತಿಳಿಯಾದಂತೆ ಕೇಳುತ್ತದೆ. ಒಂದು ಡೆಸಿಬೆಲ್ ವ್ಯತ್ಯಾಸ "ಜೋರು" ಎಂದು ಅನಿಸುವುದೇ ಇಲ್ಲ, "ಚೆನ್ನಾಗಿದೆ" ಎಂದು ಅನಿಸುತ್ತದೆ. ನಿಮ್ಮ ಗುರಿ ಅರ್ಧ ಡೆಸಿಬೆಲ್ ಒಳಗೆ ತರುವುದು, ರೆಕಾರ್ಡಿಂಗ್‌ನಲ್ಲಾದರೆ 0.2ರ ಒಳಗೆ.

ಕೋಣೆಯಲ್ಲಿ ಕೇಳಿ ಹೋಲಿಸುವಾಗ ಮೀಟರನ್ನು ಕುರ್ಚಿಯ ಮೇಲೆ ನಿಮ್ಮ ತಲೆ ಇರುವ ಎತ್ತರದಲ್ಲಿ ನಿಲ್ಲಿಸಿ, ಸಿ ವೇಟಿಂಗ್, ಸ್ಲೋ ಎಂದು ಇಟ್ಟು, 30 ಸೆಕೆಂಡಿನ ರೀಆಂಪ್ ತುಣುಕನ್ನು ಎರಡರಲ್ಲೂ ಓಡಿಸಿ ಸರಾಸರಿ ಓದಿ. ಮಾಸ್ಟರ್ ವಾಲ್ಯೂಮ್ ಇದ್ದರೆ ಅದರಿಂದ ಸರಿಪಡಿಸಿ. ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ, ಪರೀಕ್ಷೆಗೆ ಬಳಸುವ ಭೋರ್ಗರೆತ) ಬಳಸಬೇಡಿ: ಒಡೆಯುವ ಅಂಚಿನಲ್ಲಿರುವ ಆಂಪ್ ನಾಯ್ಸ್‌ಗೆ ಒಂದು ರೀತಿ, ತಂತಿಯ ಮೀಟಿಗೆ ಇನ್ನೊಂದು ರೀತಿ ಒತ್ತಿಕೊಳ್ಳುತ್ತದೆ (ಕಂಪ್ರೆಸ್ ಆಗುತ್ತದೆ).

ಮಾಸ್ಟರ್ ಇಲ್ಲದ ಆಂಪಿನಲ್ಲಿ ತೊಡಕಿದೆ. ಅದರ ವಾಲ್ಯೂಮ್ ಮುಟ್ಟಿದರೆ ಒಡಕೂ ಬದಲಾಗುತ್ತದೆ. ಆಂಪ್ ಮತ್ತು ಸ್ಪೀಕರ್ ನಡುವೆ ಜೋರು ಇಳಿಸುವ ಅಟೆನ್ಯುಯೇಟರ್ ಹಾಕಬಹುದು, ಆದರೆ ಅದೂ ಸ್ಪೀಕರ್ ಮತ್ತು ಆಂಪ್ ನಡುವಿನ ಮಾತುಕತೆಗೆ ಅಡ್ಡ ಬರುತ್ತದೆ, ಜಾಸ್ತಿ ಇಳಿಸಿದಷ್ಟೂ ಹೆಚ್ಚು. ಆಗ ಆಂಪ್‌ಗಳನ್ನು ಅವುಗಳ ಪಾಡಿಗೆ ಬಿಟ್ಟು, ಒಂದೇ ಮೈಕ್‌ನಲ್ಲಿ ಒಂದೇ ಪ್ರೀಆಂಪ್ ಗೇನ್‌ನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಸಾಫ್ಟ್‌ವೇರ್‌ನಲ್ಲಿ ಇಂಟಿಗ್ರೇಟೆಡ್ ಎಲ್‌ಯುಎಫ್‌ಎಸ್ (ಕಿವಿಗೆ ಅನಿಸುವ ಒಟ್ಟಾರೆ ಜೋರಿನ ಅಳತೆ) ನೋಡಿ ಎರಡು ಟ್ರ್ಯಾಕ್‌ಗಳನ್ನು ಸಮ ಮಾಡಿ. ಪೀಕ್ ಮೀಟರ್ ನೋಡಿ ಸಮ ಮಾಡಿದರೆ ತಪ್ಪುತ್ತದೆ. ಹೆಚ್ಚು ಒತ್ತಿಕೊಳ್ಳುವ ಆಂಪ್‌ನ ಶಿಖರ ಗಿಡ್ಡ, ಮೈ ದಪ್ಪ.

ಕಿವಿಯ ಲೆಕ್ಕವೂ ಇದೆ. ಕೆಲಸದ ಜಾಗದ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಯಾಶ್ (NIOSH) ಸಂಸ್ಥೆಯ ಶಿಫಾರಸಿನ ಪ್ರಕಾರ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಮಿತಿ, ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. 100ಕ್ಕೆ ಬಂದಾಗ ಬರೀ 15 ನಿಮಿಷ. ಮೇಲಾಗಿ ದಣಿದ ಕಿವಿ ಮೊದಲು ಕಳೆದುಕೊಳ್ಳುವುದೇ ಮೇಲಿನ ಸ್ವರಗಳ ಸೂಕ್ಷ್ಮವನ್ನು. ಅರ್ಧ ಗಂಟೆ ಕೇಳಿ, ಅಷ್ಟೇ ಹೊತ್ತು ಬಿಡಿ.

ಏನು ನುಡಿಸಬೇಕು

ನಿಮಗೆ ಚೆನ್ನಾಗಿ ಬರುವ ಸೋಲೊ ಬೇಡ. ಅದರಲ್ಲಿ ಕಿವಿ ನಿಮ್ಮ ಬೆರಳನ್ನು ಕೇಳುತ್ತದೆ, ಆಂಪನ್ನಲ್ಲ. ಒಂದೊಂದು ಗುಣವನ್ನೂ ಬೇರೆ ಮಾಡಿ ತೋರಿಸುವ ಸಣ್ಣ ತುಣುಕುಗಳು ಬೇಕು.

ಆರನೇ ತಂತಿಯನ್ನು, 82 ಹರ್ಟ್ಸ್‌ನ ಇ ಸ್ವರವನ್ನು, ಒಮ್ಮೆ ಗಟ್ಟಿಯಾಗಿ ಮೀಟಿ ಪೂರ್ತಿ ಆರುವವರೆಗೆ ಬಿಡಿ. ಮೀಟಿನ ಕ್ಷಣದಲ್ಲಿ ದನಿ ಕುಗ್ಗಿ ಮತ್ತೆ ಉಬ್ಬಿ ಬಂದರೆ ಅದು ಸ್ಯಾಗ್. ಒಂದೇ ಪವರ್ ಸಪ್ಲೈ ಎಂದುಕೊಂಡರೆ ಜಿಝಡ್34 ರೆಕ್ಟಿಫೈಯರ್‌ನಲ್ಲಿ ಇದು ಕಡಿಮೆ, 5ವೈ3ಯಲ್ಲಿ ಹೆಚ್ಚು, ಡಯೋಡ್‌ನಲ್ಲಿ ತೀರಾ ಕಡಿಮೆ. ಆರುವ ಬಾಲವನ್ನು ಗಮನಿಸಿ ಕೇಳಿ: ಒಡಕಿನಿಂದ ತಿಳಿಗೆ ಜಾರುವುದು ನಯವಾಗಿದೆಯೇ, ಅಥವಾ ಕೊನೆಯಲ್ಲಿ ಚರ್ರ್ ಎಂದು ಹರಿಯುತ್ತದೆಯೇ? ಬುಟೀಕ್ ಆಂಪ್‌ಗಳ ಯೋಗ್ಯತೆ ಗೊತ್ತಾಗುವುದು ಹೆಚ್ಚಾಗಿ ಈ ಬಾಲದಲ್ಲಿ.

ಆಮೇಲೆ ಓಪನ್ ಜಿ, ಸಿ, ಡಿ ಕಾರ್ಡ್‌ಗಳು, ಪ್ರತಿಯೊಂದನ್ನೂ ನಿಧಾನ ಬಿಡಿಸಿ, ಮತ್ತೆ ಒಟ್ಟಿಗೆ. ಒಡಕಿನ ನಡುವೆಯೂ ಆರು ತಂತಿ ಆರಾಗಿ ಕೇಳುತ್ತವೆಯೇ? ಮೂರನೇ ಮತ್ತು ಎರಡನೇ ತಂತಿಯ ಮೇಲೆ ಎರಡೆರಡು ಸ್ವರ ಒಟ್ಟಿಗೆ ಹಿಡಿದು ಒಂದನ್ನು ಬೆಂಡ್ ಮಾಡಿ. ಒಡೆದ ದನಿಯಲ್ಲಿ ಎರಡು ಸ್ವರಗಳ ವ್ಯತ್ಯಾಸದಿಂದ ಹುಟ್ಟುವ ಕೆಳಗಿನ ದೆವ್ವದ ಸ್ವರ ಒಂದು ಆಂಪಿನಲ್ಲಿ ಸಂಗೀತವಾಗಿ, ಇನ್ನೊಂದರಲ್ಲಿ ಕೆಸರಾಗಿ ಕೇಳಬಹುದು. ಮೊದಲ ತಂತಿಯಲ್ಲಿ 12ನೇ ಫ್ರೆಟ್‌ನಿಂದ ಮೇಲಕ್ಕೆ ಒಂಟಿ ಸ್ವರಗಳು: ತೆಳ್ಳಗಾಗುತ್ತವೆಯೇ, ದುಂಡಗೆ ಉಳಿಯುತ್ತವೆಯೇ? ಅಂಗೈ ಒತ್ತಿ ಮೀಟುವ ವೇಗದ ಹೊಡೆತಗಳು ಕೆಳಗಿನ ಸ್ವರ ಎಷ್ಟು ಬಿಗಿ ಎಂದು ಹೇಳುತ್ತವೆ.

ಕೊನೆಯದು ಎಲ್ಲಕ್ಕಿಂತ ಮುಖ್ಯ, ಮತ್ತು ಇದನ್ನು ರೀಆಂಪ್ ಮಾಡಬೇಡಿ, ಕೈಯಲ್ಲೇ ನುಡಿಸಿ: ಒಂದೇ ಕಾರ್ಡನ್ನು ಗಿಟಾರ್ ವಾಲ್ಯೂಮ್ 10, 7, 4ರಲ್ಲಿ. ಒಳ್ಳೆಯ ಆಂಪ್ 4ಕ್ಕೆ ಇಳಿದಾಗ ಬರೀ ಸಣ್ಣದಾಗುವುದಿಲ್ಲ, ತಿಳಿಯಾಗುತ್ತದೆ. ಮಬ್ಬಾದರೆ ದೋಷ ಗಿಟಾರ್‌ನಲ್ಲೂ ಇರಬಹುದು. ಟ್ರೆಬಲ್ ಬ್ಲೀಡ್ (ವಾಲ್ಯೂಮ್ ಇಳಿಸಿದಾಗಲೂ ಮೇಲಿನ ಸ್ವರ ಉಳಿಸುವ ಸಣ್ಣ ಸರ್ಕ್ಯೂಟ್) ಇಲ್ಲದ ಗಿಟಾರ್‌ನಲ್ಲಿ ಉದ್ದ ಕೇಬಲ್ ಹಾಕಿ ವಾಲ್ಯೂಮ್ ಇಳಿಸಿದರೆ ಮೇಲಿನ ಸ್ವರ ಸಹಜವಾಗಿಯೇ ಹೋಗುತ್ತದೆ.

ಕೇಳಿದ್ದನ್ನು ಬರೆಯುವಾಗ "ಬೆಚ್ಚಗಿದೆ", "ಜೀವವಿದೆ" ಎಂಬ ಮಾತುಗಳಿಂದ ದೂರವಿರಿ. ಜಾಗ ಹೇಳಿ. 100 ಹರ್ಟ್ಸ್ ಸುತ್ತ ಗುಮ್ಮು, 200–350ರಲ್ಲಿ ಕೆಸರು, 500–800ರಲ್ಲಿ ಮೈಕಟ್ಟು, 1,000–2,000ದಲ್ಲಿ ಮೂಗುದನಿ, 2,500–4,000ದಲ್ಲಿ ಕಚ್ಚುವ ಮೊನಚು, ಅದಕ್ಕಿಂತ ಮೇಲೆ ಜೇನುನೊಣದ ಗುಂಯ್ಗುಟ್ಟುವಿಕೆ. ಹೀಗೆ ಬರೆದದ್ದು ಮೂರು ತಿಂಗಳ ನಂತರ ಓದಿದರೂ ಅರ್ಥವಾಗುತ್ತದೆ.

ಕಣ್ಣು ಮುಚ್ಚಿ ಕೇಳಿ

ಆಂಪ್‌ಗಳ ಮೇಲೆ ಬಟ್ಟೆ ಹೊದಿಸಿ, ಅಥವಾ ಗೋಡೆಯ ಕಡೆ ತಿರುಗಿ ಕೂರಿ. ಗೆಳೆಯ ನಾಣ್ಯ ಚಿಮ್ಮಿ ಆಂಪ್ ಆರಿಸಲಿ, ನೀವು ಯಾವುದೆಂದು ಹೇಳಿ. ಹತ್ತು ಸಲ. ಬರೀ ಊಹೆಯಿಂದ 9 ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ 1.1% ಮಾತ್ರ, 8 ಅಥವಾ ಹೆಚ್ಚಿಗೆ 5.5%. ಆರೇಳು ಬಂದರೆ ಅದನ್ನು ಗೆಲುವೆಂದು ಎಣಿಸಬೇಡಿ. ಬದಲಿಸುವ ನಡುವೆ ಸಮಯ ಹೆಚ್ಚಿದಷ್ಟೂ ಕಿವಿಯ ನೆನಪು ಮಾಸುತ್ತದೆ, ಆದ್ದರಿಂದ ಕೇಬಲ್ ಕಿತ್ತು ಹಾಕುವ ವಿಧಾನದಲ್ಲಿ ಈ ಪರೀಕ್ಷೆ ಫಲಿಸುವುದು ಕಷ್ಟ. ಸಮ ಮಾಡಿದ ರೆಕಾರ್ಡಿಂಗ್‌ಗಳನ್ನು ಒಂದರ ಕೆಳಗೊಂದು ಇಟ್ಟು ತಟ್ಟನೆ ಬದಲಿಸಿ ಕೇಳಿ. ಗೆಳೆಯ ಬಟನ್ ಒತ್ತುವ ಸದ್ದು, ಆಂಪ್‌ನ ಹಮ್, ಸ್ವಿಚ್‌ನ ಟಕ್ ಸುಳಿವಾಗದಂತೆ ನೋಡಿಕೊಳ್ಳಿ. ಹಮ್ ಕೇಳಿ ಆಂಪ್ ಗುರುತಿಸಿ ಬೀಗುವವರು ಇದ್ದೇ ಇರುತ್ತಾರೆ.

ಹೀಗೆ ಕೇಳಿದಾಗ ವ್ಯತ್ಯಾಸ ಗೊತ್ತಾಗದೆ, ಆದರೆ ನೀವೇ ನುಡಿಸಿದಾಗ ಗೊತ್ತಾದರೆ ಅದು ಭ್ರಮೆಯೇ ಆಗಬೇಕಿಲ್ಲ. ಮೀಟಿಗೆ ಆಂಪ್ ಎಷ್ಟು ಬೇಗ ಓಗೊಡುತ್ತದೆ, ಎಷ್ಟು ಒತ್ತಿಕೊಳ್ಳುತ್ತದೆ ಎಂಬುದು ಕೈಗೆ ಮೊದಲು ತಿಳಿಯುವ ಗುಣ. ಅದಕ್ಕೆ ಪ್ರತ್ಯೇಕ ಪರೀಕ್ಷೆ ಮಾಡಿ: ಬಟ್ಟೆ ಹೊದಿಸಿದ ಆಂಪ್‌ಗಳಲ್ಲಿ, ನಿಮಿಷಕ್ಕೆ 80 ಬಡಿತದ ಮೆಟ್ರೊನೋಮ್‌ಗೆ, ಎರಡೆರಡು ನಿಮಿಷ ನುಡಿಸಿ ಯಾವುದೆಂದು ಹೇಳಿ.

ವ್ಯತ್ಯಾಸ ಎಲ್ಲಿ ಕೂತಿದೆ?

ಉದಾಹರಣೆಗೆ ಒಂದು ಆಂಪ್ ಎರಡು ಇಎಲ್84, ಕ್ಯಾಥೋಡ್ ಬಯಸ್, ಫೀಡ್‌ಬ್ಯಾಕ್ ಇಲ್ಲದ್ದು ಎಂದುಕೊಳ್ಳಿ; ಇನ್ನೊಂದು ಎರಡು 6ವಿ6, ಫಿಕ್ಸೆಡ್ ಬಯಸ್, ಫೀಡ್‌ಬ್ಯಾಕ್ ಇರುವುದು. ಹತ್ತಿರ ತಂದ ಮೇಲೂ ಮೊದಲನೆಯದರ ಕೆಳಸ್ವರ ಸಡಿಲ, ಮೇಲ್ಸ್ವರ ಮಿನುಗು. ತಿಳಿಯಿಂದ ಒಡಕಿಗೆ ಇಳಿಜಾರಿನಂತೆ ಹೋಗುತ್ತದೆ. ಎರಡನೆಯದು ಹೆಚ್ಚು ಹೊತ್ತು ತಿಳಿಯಾಗಿದ್ದು, ಒಡೆಯುವಾಗ ಮೆಟ್ಟಿಲು ಇಳಿದಂತೆ ಒಡೆಯುತ್ತದೆ. ಈ ವ್ಯತ್ಯಾಸ ನಾಬ್‌ಗೆ ಸಿಗುವುದಿಲ್ಲ, ಟ್ಯೂಬ್ ಬದಲಿಸಿದರೂ ಹೋಗುವುದಿಲ್ಲ. ಸರ್ಕ್ಯೂಟ್ ಮತ್ತು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲೇ ಅದು ಕೂತಿದೆ.

ಆದರೆ ಕೇಳಿದ ವ್ಯತ್ಯಾಸ "ಒಂದು ಸ್ವಲ್ಪ ಗರಸು, ಇನ್ನೊಂದು ನಯ" ಎಂಬಷ್ಟೇ ಆಗಿದ್ದರೆ ಮೊದಲ ಪ್ರೀಆಂಪ್ ಟ್ಯೂಬ್ ಮೇಲೆ ಅನುಮಾನ ಪಡಿ. ಎರಡೂ ಆಂಪ್ ಆ ಜಾಗದಲ್ಲಿ 12ಎಎಕ್ಸ್7 ಬಳಸುವುದಾದರೆ, ಎರಡನ್ನೂ ಆಫ್ ಮಾಡಿ, ಟ್ಯೂಬ್ ಆರಲು ಬಿಟ್ಟು, ಅವುಗಳನ್ನು ಅದಲುಬದಲು ಮಾಡಿ, ಜೋರು ಮತ್ತೆ ಸಮ ಮಾಡಿ ಕೇಳಿ. ಗರಸು ಟ್ಯೂಬಿನ ಜತೆ ಆಚೆ ಹೋಯಿತೇ? ಹಾಗಾದರೆ ನೀವು ಹೋಲಿಸುತ್ತಿದ್ದದ್ದು ಎರಡು ಟ್ಯೂಬ್‌ಗಳನ್ನು. ಹೆಸರು ಓದಿ ಬದಲಿಸಿ: 12ಎಎಕ್ಸ್7ರ ವರ್ಧನಾಂಕ 100, 5751ರದ್ದು 70, 12ಎಟಿ7ರದ್ದು 60. ಯಾರೋ ಹಿಂದಿನ ಮಾಲೀಕರು 5751 ಹಾಕಿಬಿಟ್ಟಿದ್ದರೆ ಆ ಆಂಪ್ "ಸಭ್ಯ" ಎನಿಸುವುದು ಸಹಜ. ಇಎಫ್86 ಬೇರೆಯದೇ ಟ್ಯೂಬ್, ಅದಲುಬದಲಿಗೆ ಆಗದು. ಫಿಕ್ಸೆಡ್ ಬಯಸ್ ಆಂಪಿನ ಪವರ್ ಟ್ಯೂಬ್‌ಗಳನ್ನು ಬಯಸ್ ಹೊಂದಿಸದೆ ಬದಲಿಸಬೇಡಿ.

ಎಬಿವೈಯಲ್ಲಿ ಎರಡೂ ಆಂಪ್‌ಗಳನ್ನು ಬೇರೆ ಬೇರೆ ಕ್ಯಾಬ್‌ಗೆ ಹಾಕಿ ಒಟ್ಟಿಗೆ ನುಡಿಸಿದಾಗ ದನಿ ದಪ್ಪವಾಗುವ ಬದಲು ಟೊಳ್ಳಾದರೆ ಆಂಪ್‌ಗಳನ್ನು ಬೈಯಬೇಡಿ. ಒಳಗಿನ ಹಂತಗಳ ಲೆಕ್ಕದಲ್ಲಿ ಒಂದು ಆಂಪ್ ಸಿಗ್ನಲ್ಲನ್ನು ತಿರುವುಮುರುವು ಮಾಡುತ್ತಿದೆ. ಪೆಡಲ್‌ನ ಪೋಲಾರಿಟಿ ಸ್ವಿಚ್ ಒತ್ತಿ.

ಎರಡನೇ ಸುತ್ತು

ಹತ್ತಿರ ತಂದು ಹೋಲಿಸಿದ ಸುತ್ತು ಮುಗಿದ ಮೇಲೆ ನಾಬ್‌ಗಳಿಗೆ ಸ್ವಾತಂತ್ರ್ಯ ಕೊಡಿ. ಪ್ರತಿ ಆಂಪನ್ನೂ ಅದರದೇ ಅತ್ಯುತ್ತಮ ಜಾಗಕ್ಕೆ ತಂದು, ಜೋರು ಮಾತ್ರ ಸಮ ಮಾಡಿ ಮತ್ತೆ ರೆಕಾರ್ಡ್ ಮಾಡಿ. ಈ ಸಲ ಡ್ರಮ್ಸ್ ಮತ್ತು ಬೇಸ್ ಗಿಟಾರ್ ಇರುವ ಟ್ರ್ಯಾಕ್ ಮೇಲೆ ಇಟ್ಟು ಕೇಳಿ. ಒಂಟಿಯಾಗಿ ಕೇಳಿದಾಗ ಮನಸೂರೆಗೊಂಡ 100 ಹರ್ಟ್ಸ್‌ನ ಗುಮ್ಮು ಇಲ್ಲಿ ಬೇಸ್ ಗಿಟಾರ್‌ನ ಕಾಲು ತುಳಿಯುತ್ತದೆ. ಒಂಟಿಯಾಗಿ ಮೂಗುದನಿ ಎನಿಸಿದ 1,000 ಹರ್ಟ್ಸ್‌ನ ಉಬ್ಬು ಇಲ್ಲಿ ಗಿಟಾರನ್ನು ಮುಂದೆ ತಂದು ನಿಲ್ಲಿಸುತ್ತದೆ. ಒಂಟಿ ಪರೀಕ್ಷೆಯಲ್ಲಿ ಸೋತದ್ದು ಇಲ್ಲಿ ಗೆದ್ದರೆ, ನೀವು ಬ್ಯಾಂಡ್‌ನಲ್ಲಿ ನುಡಿಸುವವರಾದರೆ, ಎರಡನೇ ಫಲಿತಾಂಶವನ್ನು ನಂಬಿ.

ಮರುದಿನ ಬೆಳಿಗ್ಗೆ, ಬೇರೇನೂ ಕೇಳುವ ಮೊದಲು, ಫೈಲ್‌ಗಳ ಹೆಸರು ಮುಚ್ಚಿ ಇನ್ನೊಮ್ಮೆ ಕೇಳಿ. ಹಿಂದಿನ ದಿನದ ಟಿಪ್ಪಣಿಯನ್ನು ಅದಾದ ಮೇಲೆಯೇ ತೆರೆಯಿರಿ.